‘ಇನ್ನು ಆ ಪತ್ರಿಕೆ ಮುಟ್ಟುವುದಿಲ್ಲ’ ಎಂದು ಗಿರಾಕಿಗಳು ಹೇಳುತ್ತಿದ್ದಾರೆ. ಪ್ರತಿಗಳನ್ನು ಇಳಿಸಲೇ?

ಇಳಿಸಬೇಡಿ. ಮುಂದಿನದನ್ನು ಓದುವ ವ್ಯವಧಾನವಿಲ್ಲದಿದ್ದರೆ ಇಷ್ಟು ಸಾಕು, ನಾಳೆಯೂ ಎಂದಿನಷ್ಟೇ ಪ್ರತಿ ತರಿಸಿ.

ನಿಮ್ಮ ಜಿಲ್ಲೆಯ ಪತ್ರಿಕೆಯೊಂದು ಯಾರದೋ ಖಾಸಗಿ ಫೋನ್ ಮಾತನ್ನು ಅಚ್ಚು ಹಾಕಿದೆ, ಅಂಗಡಿಗೆ ಬಂದವರೆಲ್ಲ ಉಗಿಯುತ್ತಿದ್ದಾರೆ, ಈ ಸಿಟ್ಟು ನಿಜವೋ ನಾಟಕವೋ ಎಂದು ಕೇಳಿದ್ದೀರಿ. 2011ರ ಜುಲೈನಲ್ಲಿ ಇದೇ ಪ್ರಶ್ನೆಯನ್ನು ನಾನು ಗಲ್ಲಾದ ಹಿಂದೆ ನಿಂತು ಕೇಳಿಕೊಂಡಿದ್ದೆ. ಕೊಟ್ಟುಕೊಂಡ ಉತ್ತರಕ್ಕೆ ಭಾನುವಾರದ ಕೆಲಸ ಹೋಯಿತು.

ಆಗ ಇಂಗ್ಲೆಂಡಿನ ಗಿಲ್ಫರ್ಡ್‌ನಲ್ಲಿ ಓದುತ್ತಿದ್ದೆ. ಹತ್ತಿರದ ಊರಿನ ಮೂಲೆಯಂಗಡಿಯಲ್ಲಿ ವಾರಾಂತ್ಯದ ಕೆಲಸ. ಉಗಾಂಡದಿಂದ ಬಂದು ನೆಲೆಸಿದ ಗುಜರಾತಿ ಹಿರಿಯರೊಬ್ಬರ ಅಂಗಡಿ. ನಾನು ಅಂಕಲ್ ಎನ್ನುತ್ತಿದ್ದೆ. ಹಾಲು, ಬ್ರೆಡ್, ಸಿಗರೇಟು, ಲಾಟರಿ, ಪತ್ರಿಕೆ. ಭಾನುವಾರ ಬೆಳಗಿನ ಐದಕ್ಕೆ ಕಟ್ಟು ಬಿಚ್ಚಿ ಪುರವಣಿ ಸೇರಿಸುವುದು ನನ್ನ ಪಾಲು. ‘ನ್ಯೂಸ್ ಆಫ್ ದಿ ವರ್ಲ್ಡ್’ ಒಂದೇ ಅರವತ್ತು ಪ್ರತಿ. 1843ರಿಂದ ಬರುತ್ತಿದ್ದ ಪತ್ರಿಕೆ, ನಟನಟಿಯರ ಹಾಸಿಗೆಯ ಸುದ್ದಿಗೆ ಹೆಸರುವಾಸಿ.

ಅದರ ಕದ್ದಾಲಿಕೆ ಹೊಸದೇನಲ್ಲ. ರಾಜಕುಮಾರರ ಕಡೆಯವರ ವಾಯ್ಸ್‌ಮೇಲ್ ಕೇಳಿದ್ದಕ್ಕೆ 2007ರಲ್ಲೇ ಅದರ ವರದಿಗಾರನೊಬ್ಬ, ಪತ್ರಿಕೆ ಸಾಕಿಕೊಂಡಿದ್ದ ಖಾಸಗಿ ಪತ್ತೇದಾರನೊಬ್ಬ ಜೈಲಿಗೆ ಹೋಗಿದ್ದರು. ನಮ್ಮಲ್ಲಿ ವಾಯ್ಸ್‌ಮೇಲ್ ಬಳಸುವವರೇ ಕಡಿಮೆ, ಹಾಗಾಗಿ ಹೇಳುತ್ತೇನೆ: ಕರೆ ಎತ್ತದಿದ್ದರೆ ಮಾತು ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಬೇರೆ ಫೋನಿನಿಂದಲೂ ನಾಲ್ಕಂಕಿಯ ಗುಟ್ಟು ಒತ್ತಿ ಅದನ್ನು ಕೇಳಬಹುದು. ಕಂಪನಿ ಕೊಟ್ಟ ಸುಲಭದ ಅಂಕಿಯನ್ನು ಬಹಳಷ್ಟು ಜನ ಬದಲಿಸಿರುತ್ತಿರಲಿಲ್ಲ. ಅಷ್ಟೇ ವಿದ್ಯೆ. ಜೈಲಾದಾಗ ಆ ದೇಶದ ಜನ ಹೆಚ್ಚೇನೂ ತಲೆಕೆಡಿಸಿಕೊಳ್ಳಲಿಲ್ಲ. ರಾಜಮನೆತನ, ಸಿನಿಮಾದವರು, ಅವರ ಪಾಡು ಅವರಿಗೆ.

2011ರ ಜುಲೈ 4, ಸೋಮವಾರ, ‘ಗಾರ್ಡಿಯನ್’ ಪತ್ರಿಕೆ ಇನ್ನೊಂದು ಸುದ್ದಿ ಹೊರಹಾಕಿತು. 2002ರಲ್ಲಿ ವಾಲ್ಟನ್-ಆನ್-ಥೇಮ್ಸ್‌ನಲ್ಲಿ ಶಾಲೆಯಿಂದ ಮನೆಗೆ ಹೊರಟ ಹದಿಮೂರು ವರ್ಷದ ಮಿಲಿ ಡೌಲರ್ ಕಾಣೆಯಾಗಿದ್ದಳು. ಪೊಲೀಸರು ಹುಡುಕುತ್ತಿದ್ದಾಗಲೇ ‘ನ್ಯೂಸ್ ಆಫ್ ದಿ ವರ್ಲ್ಡ್’ನವರು ಆ ಮಗುವಿನ ಮೊಬೈಲಿನ ವಾಯ್ಸ್‌ಮೇಲ್ ಕೇಳಿದ್ದರು. ಸಂದೇಶಗಳನ್ನು ಅಳಿಸಿಯೂ ಇದ್ದರು, ಅದರಿಂದ ಮಗಳು ಬದುಕಿದ್ದಾಳೆಂದು ಹೆತ್ತವರು ನಂಬಿದರು ಎಂದೂ ವರದಿ ಹೇಳಿತು. (ಅಳಿಸಿದ್ದು ಬಹುಶಃ ಫೋನ್ ವ್ಯವಸ್ಥೆಯೇ, ತಂತಾನೇ, ಎಂಬುದು ಡಿಸೆಂಬರಿನಲ್ಲಿ ಹೊರಬಂತು. ಕದ್ದು ಕೇಳಿದ್ದು ಮಾತ್ರ ಸುಳ್ಳಾಗಲಿಲ್ಲ.) ವಾಲ್ಟನ್ ಇರುವುದು ನಮ್ಮದೇ ಸರ್ರೆ ಕೌಂಟಿಯಲ್ಲಿ. ಅವಳನ್ನು ಕೊಂದವನ ಅಪರಾಧ ಸಾಬೀತಾಗಿ ಎರಡು ವಾರವೂ ಆಗಿರಲಿಲ್ಲ.

ಮಂಗಳವಾರದಿಂದ ಅಂಗಡಿಯ ಗಾಳಿಯೇ ಬೇರೆಯಾಯಿತು. ಹವಾಮಾನ ಬಿಟ್ಟು ಬೇರೆ ಮಾತನಾಡದವರು ಗಲ್ಲಾದ ಮುಂದೆ ನಿಂತು ಶಪಿಸಿದರು. ನಲವತ್ತು ವರ್ಷದಿಂದ ಆ ಪತ್ರಿಕೆ ತರಿಸುತ್ತಿದ್ದ ಅಜ್ಜಿಯೊಬ್ಬರು ‘ನನ್ನ ಮನೆಗೆ ಅದನ್ನು ಇನ್ನು ಹಾಕಬೇಡ’ ಎಂದು ನನ್ನ ಕೈಯಲ್ಲೇ ಪುಸ್ತಕದಲ್ಲಿ ಗೀಟು ಎಳೆಸಿದರು. ಅವರ ಕಣ್ಣು ಒದ್ದೆಯಾಗಿತ್ತು. ಲಂಡನ್ ಬಾಂಬ್ ಸ್ಫೋಟದಲ್ಲಿ ಸತ್ತವರ, ಯುದ್ಧದಲ್ಲಿ ಮಡಿದ ಸೈನಿಕರ ಮನೆಯವರ ಫೋನೂ ಗುರಿಯಾಗಿದ್ದಿರಬಹುದು ಎಂಬ ಸುದ್ದಿ ಅದೇ ವಾರ ಬಂತು.

ಈಗ ನನ್ನ ತಪ್ಪು. ಅಂಕಲ್ ಮದುವೆಗೆಂದು ಲೆಸ್ಟರ್‌ಗೆ ಹೋಗಿದ್ದರು, ರಜೆಯಾದ್ದರಿಂದ ಇಡೀ ವಾರ ಅಂಗಡಿ ನನ್ನ ಕೈಯಲ್ಲಿತ್ತು. ಬುಧವಾರ ಸಗಟು ವಿತರಕರಿಗೆ ಫೋನ್ ಮಾಡಿ ಅರವತ್ತನ್ನು ಇಪ್ಪತ್ತಕ್ಕೆ ಇಳಿಸಿದೆ. ಲೆಕ್ಕ ನೋಡಿ. ಅರವತ್ತರಲ್ಲಿ ಇಪ್ಪತ್ತೆರಡು ಮನೆಗೆ ಹಾಕುವವು, ಉಳಿದದ್ದು ಗಲ್ಲಾದ ಮೇಲೆ ಮಾರುವವು. ಪುಸ್ತಕದಲ್ಲಿ ಗೀಟು ಬಿದ್ದದ್ದು ಒಂಬತ್ತು ಮನೆಗೆ. ಕೈಯಲ್ಲಿದ್ದ ಸಾಕ್ಷಿ ಒಂಬತ್ತು. ನಾನು ಇಳಿಸಿದ್ದು ನಲವತ್ತು. ನಡುವಿನ ಮೂವತ್ತೊಂದನ್ನು ಬರೀ ಬೈಗುಳದ ಮೇಲೆ ಕಳೆದಿದ್ದೆ. ಅದಕ್ಕಿಂತ ದಡ್ಡತನ ಇನ್ನೊಂದಿದೆ: ಅಲ್ಲಿ ಉಳಿದ ಪ್ರತಿ ವಾಪಸಾಗುತ್ತದೆ, ಹಣ ಜಮೆಯಾಗುತ್ತದೆ. ಅರವತ್ತು ತರಿಸಿ ನಲವತ್ತು ಉಳಿದಿದ್ದರೂ ಅಂಗಡಿಗೆ ಹೋಗುತ್ತಿದ್ದುದು ಹಗ್ಗ ಕಟ್ಟಿ ಹಿಂದಿರುಗಿಸುವ ಶ್ರಮವೊಂದೇ. ಅಂದರೆ ಏನೂ ಉಳಿಸದ ಉಳಿತಾಯ ಮಾಡಿದ್ದೆ. ವ್ಯಾಪಾರ ನೋಡುತ್ತಿದ್ದೇನೆ ಎಂದುಕೊಂಡು, ನಿಜದಲ್ಲಿ ನಾನೂ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ, ಅದೂ ಬೇರೆಯವರ ಅಂಗಡಿಯಲ್ಲಿ.

ಗುರುವಾರ ಸಂಜೆ ಘೋಷಣೆ ಬಂತು: ಪತ್ರಿಕೆ ಮುಚ್ಚುತ್ತದೆ, ಭಾನುವಾರದ್ದೇ ಕೊನೆಯ ಸಂಚಿಕೆ. ಆಗಲಾದರೂ ಫೋನ್ ಎತ್ತಿ ಸಂಖ್ಯೆ ಏರಿಸಬಹುದಿತ್ತು. ಸತ್ತ ಪತ್ರಿಕೆಯನ್ನು ಯಾರು ಕೊಳ್ಳುತ್ತಾರೆ ಎಂದುಕೊಂಡು ಸುಮ್ಮನಾದೆ.

ಜುಲೈ 10ರ ಬೆಳಿಗ್ಗೆ ಹದಿಮೂರು ಪ್ರತಿ ಮನೆಗಳಿಗೆ ಹೋದವು. ಉಳಿದ ಏಳು ಆರೂವರೆಯೊಳಗೆ ಖಾಲಿ. ಏಳೂವರೆಗೆ ಅದೇ ಅಜ್ಜಿ ಬಂದು ಎರಡು ಕೇಳಿದರು, ಒಂದು ಎತ್ತಿಡುವುದಕ್ಕೆ. ಗೀಟು ಹಾಕಿಸಿದವರಲ್ಲಿ ಇನ್ನೂ ಮೂವರು ಬಂದರು. ಇಲ್ಲ ಎಂದಾಗ ಅಜ್ಜಿಗೆ ನನ್ನ ಮೇಲೆ ಬಂದ ಸಿಟ್ಟು, ಮಂಗಳವಾರ ಪತ್ರಿಕೆಯ ಮೇಲೆ ಬಂದದ್ದಕ್ಕಿಂತ ಏನೂ ಕಡಿಮೆಯಿರಲಿಲ್ಲ. ಎಲ್ಲರೂ ಕೆಳಗಿನ ಪೆಟ್ರೋಲ್ ಬಂಕಿಗೆ ನಡೆದರು, ಹಾಲು ಬ್ರೆಡ್ಡನ್ನೂ ಅಲ್ಲೇ ಕೊಂಡರು, ಕೆಲವರು ಮತ್ತೆ ನಮ್ಮ ಕಡೆ ಬರಲೇ ಇಲ್ಲ. ಸಾಮಾನ್ಯವಾಗಿ 26 ಲಕ್ಷದ ಆಸುಪಾಸಿನಲ್ಲಿದ್ದ ಪತ್ರಿಕೆಯ ಆ ಕೊನೆಯ ಸಂಚಿಕೆ ಸುಮಾರು 38 ಲಕ್ಷ ಮಾರಾಟವಾಯಿತಂತೆ. ನನ್ನ ಪಾಲು ಇಪ್ಪತ್ತು.

ಹಾಗಾದರೆ ಸಿಟ್ಟು ನಾಟಕವೇ? ನಿಮ್ಮ ಪ್ರಶ್ನೆಯನ್ನು ನಾನು ಒಪ್ಪದಿರುವುದು ಇಲ್ಲೇ. ಅಜ್ಜಿಯ ಕಣ್ಣೀರು ನಿಜ, ಅವರು ಕೇಳಿದ ಎರಡು ಪ್ರತಿಯೂ ನಿಜ. ಒಂದರಿಂದ ಇನ್ನೊಂದನ್ನು ಅಳೆಯಲು ಹೋದವನು ನಾನು. ಪತ್ರಿಕೆಯನ್ನು ಮುಚ್ಚಿಸಿದ್ದು ಕೊಳ್ಳದವರಲ್ಲ, ಕೊಳ್ಳುವುದನ್ನು ನಿಲ್ಲಿಸಲು ಒಂದು ಭಾನುವಾರವೂ ಸಿಕ್ಕಿರಲಿಲ್ಲ. ಜನ ಟ್ವಿಟರ್‌ನಲ್ಲಿ ಜಾಹೀರಾತುದಾರರನ್ನು ಹೆಸರು ಹಿಡಿದು ಕೇಳಿದರು. ಫೋರ್ಡ್ ಮೊದಲು ಹಿಂದೆ ಸರಿಯಿತು, ಆಮೇಲೆ ಸಾಲುಸಾಲಾಗಿ ಉಳಿದವರು. ಸುದ್ದಿ ಬಂದು ಎರಡು ವಾರ ಕಳೆಯುವುದರಲ್ಲಿ ಲಂಡನ್ ಪೊಲೀಸ್ ಮುಖ್ಯಸ್ಥರೇ ರಾಜೀನಾಮೆ ಕೊಟ್ಟರು. ಫೋನಿನಲ್ಲಿ ಇದನ್ನೆಲ್ಲ ಕೇಳಿದ ನನ್ನ ತಂದೆ ಮೈಸೂರಿನಿಂದ ‘ನಮ್ಮಲ್ಲಿ 1988ರಲ್ಲೇ ಕದ್ದಾಲಿಕೆಗೆ ಮುಖ್ಯಮಂತ್ರಿ ಹೆಗಡೆಯವರ ಕುರ್ಚಿ ಹೋಯಿತಲ್ಲ, ಅದರಲ್ಲೇನು ಹೊಸದು’ ಎಂದರು. ಅಲ್ಲಿ ಆರೋಪ ಬಂದದ್ದು ಸರ್ಕಾರದ ಮೇಲೆ, ಇಲ್ಲಿ ಕದ್ದು ಕೇಳಿದ್ದು ಪತ್ರಿಕೆ ಎಂದು ವಾದಿಸಿದೆ, ಅವರು ಒಪ್ಪಲಿಲ್ಲ.

ಆದ್ದರಿಂದ ಗಿರಾಕಿ ಬೈದರೆ ಕೇಳಿಸಿಕೊಳ್ಳಿ, ಬೇಕಿದ್ದರೆ ನೀವೂ ಬೈಯಿರಿ. ಪುಸ್ತಕದಲ್ಲಿ ಹೆಸರು ಹೊಡೆಸಿದವರ ಪ್ರತಿ ಮಾತ್ರ ಇಳಿಸಿ, ಅದೂ ಒಂದು ತಿಂಗಳು ಕಾದು. ನಿಮ್ಮಲ್ಲಿ ವಾಪಸು ತೆಗೆದುಕೊಳ್ಳುತ್ತಾರೋ ಇಲ್ಲವೋ ನೀವು ಬರೆದಿಲ್ಲ. ತೆಗೆದುಕೊಳ್ಳುವುದಾದರೆ ಈ ಪ್ರಶ್ನೆಗೇ ಅರ್ಥವಿಲ್ಲ. ಕೊನೆಯ ಪುಟದ ಜಾಹೀರಾತು ಏನಾಗುತ್ತಿದೆ ಎಂಬುದರ ಮೇಲೆ ಕಣ್ಣಿಡಿ.

ಅಂಕಲ್ ಕೂಗಾಡಲಿಲ್ಲ, ಭಾನುವಾರ ಬರಬೇಡ ಎಂದರು, ಶನಿವಾರ ಉಳಿಯಿತು. ಮುಂದಿನ ಫೆಬ್ರವರಿ 26ರಂದು ಅದೇ ಮಾಲೀಕರ ‘ಸನ್’ ಪತ್ರಿಕೆಯ ಭಾನುವಾರದ ಆವೃತ್ತಿ ಶುರುವಾದಾಗ ಬೆಳಿಗ್ಗೆ ಐದಕ್ಕೆ ಮತ್ತೆ ಕರೆದರು. ಎಷ್ಟು ಪ್ರತಿ ಹೇಳಿದ್ದೀರಿ ಎಂದು ನಾನು ಕೇಳಲಿಲ್ಲ. ಕಟ್ಟು ಎತ್ತುವಾಗ ಬೆನ್ನಿಗೇ ಗೊತ್ತಾಯಿತು.