ಬೆಂಡಿನ ಬಾಸಿಂಗ, ಶಿವನಿಯ ಕೆತ್ತನೆಗಳನ್ನು ಜರ್ಮನಿಗೆ ಒಯ್ಯುವ ಕುರಿತು

ಕುಮಟೆಯ ತಂಗಿಗೆ ಶಿರಸಿಯಿಂದ ನಮಸ್ಕಾರ. ಜರ್ಮನಿಯ ಸಂಗ್ರಹಾಲಯವೊಂದು ನವೆಂಬರ್‌ನಲ್ಲಿ ಆರು ವಾರಗಳ ಪ್ರದರ್ಶನಕ್ಕೆ ನಿಮ್ಮನ್ನು ಕರೆದಿದೆ, ಒಯ್ಯಬೇಕಾದ ಕೃತಿಗಳು ಹದಿನಾಲ್ಕು ಎಂದು ಬರೆದಿದ್ದೀರಿ: ಎಂಟು ಶಿವನಿ ಮರದ ಕೆತ್ತನೆಗಳು, ಮೂರು ಬೆಂಡಿನ ಬಾಸಿಂಗಗಳು, ಎರಡು ಶ್ರೀಗಂಧದ ಚಿಕ್ಕ ಮೂರ್ತಿಗಳು, ಅಜ್ಜನ ಕಾಲದ ಮಂಟಪದ ಒಂದು ತುಂಡು. ಇವನ್ನು ಹೇಗೆ ಒಯ್ಯಬೇಕು, ಸುಂಕ ಬೀಳುತ್ತದೆಯೇ, ಅಲ್ಲಿ ಮಾರಬಹುದೇ ಎಂಬುದು ನಿಮ್ಮ ಪ್ರಶ್ನೆ. ಬಟ್ಟೆಯ ನಡುವೆ ಸುತ್ತಿ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋದರೆ ಯಾರೂ ಕೇಳುವುದಿಲ್ಲ ಎಂದು ಬಳಗದ ಹಿರಿಯರೊಬ್ಬರು ಸಲಹೆ ಕೊಟ್ಟಿದ್ದಾರೆ. ಅವರ ಮೇಲಿನ ಗೌರವವನ್ನು ಇಟ್ಟುಕೊಂಡೇ ಹೇಳುತ್ತೇನೆ, ಹಾಗೆ ಮಾಡಬೇಡಿ. ಕೇಳದೆ ಬಿಟ್ಟರೆ ಸರಿ, ಕೇಳಿದರೆ ನಿಮ್ಮ ಕೈಯಲ್ಲಿ ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆಂದು ನಮ್ಮ ಹಿಂದಿನವರು ಸುಮ್ಮನೆ ಹೇಳಲಿಲ್ಲ.

ಯಾವ ತುಂಡು ಮರಳಿ ಮನೆಗೆ ಬರುತ್ತದೆ, ಯಾವುದು ಅಲ್ಲಿಯೇ ಉಳಿಯಬಹುದು ಎಂಬುದನ್ನು ನೀವು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕು. ಮುಂದಿನ ಕಾಗದಪತ್ರವೆಲ್ಲ ಅದರ ಮೇಲೆಯೇ ನಿಲ್ಲುತ್ತದೆ. ಮರಳಿ ಬರುವ ಕೃತಿಗಳಿಗೆ ಎಟಿಎ ಕಾರ್ನೆಟ್ ಎಂಬ ಪುಸ್ತಕವೊಂದಿದೆ. ವಸ್ತುಗಳಿಗೆ ಕೊಡುವ ಪಾಸ್‌ಪೋರ್ಟ್ ಎಂದುಕೊಳ್ಳಿ. ನಮ್ಮ ದೇಶದಲ್ಲಿ ಇದನ್ನು ಕೊಡುವುದು ವಾಣಿಜ್ಯೋದ್ಯಮ ಸಂಘಗಳ ಒಕ್ಕೂಟವಾದ ಫಿಕ್ಕಿ ಸಂಸ್ಥೆ, ಗರಿಷ್ಠ ಅವಧಿ ಒಂದು ವರ್ಷ. ಇದಿದ್ದರೆ ಜರ್ಮನಿಯಲ್ಲಿ ಸುಂಕವನ್ನಾಗಲಿ ತೆರಿಗೆಯನ್ನಾಗಲಿ ಕಟ್ಟದೆ ಒಳಗೆ ಒಯ್ದು, ಪ್ರದರ್ಶನ ಮುಗಿದ ಮೇಲೆ ಹಿಂದೆ ತರಬಹುದು. ಶುಲ್ಕದ ಜೊತೆಗೆ ಠೇವಣಿಯನ್ನೋ ಬ್ಯಾಂಕ್ ಗ್ಯಾರಂಟಿಯನ್ನೋ ಕೇಳುತ್ತಾರೆ, ಅದು ನಿಮ್ಮ ಪಟ್ಟಿಯಲ್ಲಿ ಕಾಣಿಸಿದ ಬೆಲೆಯನ್ನು ಅವಲಂಬಿಸಿರುತ್ತದೆ. ಆದ್ದರಿಂದ ಹೆಮ್ಮೆಗೆಂದು ಬೆಲೆ ಏರಿಸಿ ಬರೆಯಬೇಡಿ, ಹೆದರಿ ಇಳಿಸಿಯೂ ಬರೆಯಬೇಡಿ. ಕಾರ್ನೆಟ್, ವಿಮೆ, ಸಂಗ್ರಹಾಲಯದ ಒಪ್ಪಂದ, ಈ ಮೂರರಲ್ಲಿಯೂ ಒಂದೇ ಅಂಕಿ ಇರಬೇಕು. ಪಟ್ಟಿಯಲ್ಲಿ "ಮರದ ಮೂರ್ತಿ, 8" ಎಂದು ಒಟ್ಟಾಗಿ ಬರೆಯದೆ ಒಂದೊಂದಕ್ಕೂ ಪ್ರತ್ಯೇಕ ಸಂಖ್ಯೆ, ಮರದ ಹೆಸರು, ಎತ್ತರ, ತೂಕ, ಬೆಲೆ ಬರೆದು, ಅದೇ ಸಂಖ್ಯೆಯನ್ನು ಮೂರ್ತಿಯ ಪೀಠದ ಅಡಿಯಲ್ಲಿ ಪೆನ್ಸಿಲಿನಿಂದ ನಮೂದಿಸಿ. ಪುಸ್ತಕ ಕೈಗೆ ಬಂದ ಮೇಲೆ ಪಟ್ಟಿಗೆ ಹೊಸದನ್ನು ಸೇರಿಸಲಾಗುವುದಿಲ್ಲ. ಪ್ರಾತ್ಯಕ್ಷಿಕೆಗೆ ಒಯ್ಯುವ ಉಳಿ, ಕೊಡತಿಗಳನ್ನೂ ಬರೆಸಿಬಿಡಿ; ವಿಮಾನದಲ್ಲಿ ಅವು ಕೈಚೀಲದಲ್ಲಿ ಇರಕೂಡದು, ಕೆಳಗೆ ಹಾಕುವ ಪೆಟ್ಟಿಗೆಯಲ್ಲಿಯೇ ಹೋಗಬೇಕು.

ಪುಸ್ತಕದಲ್ಲಿ ಹಳದಿ ಹಾಳೆಗಳು ನಮ್ಮ ದೇಶದಿಂದ ಹೊರಡುವುದಕ್ಕೂ ಮರಳುವುದಕ್ಕೂ, ಬಿಳಿ ಹಾಳೆಗಳು ಆ ದೇಶವನ್ನು ಹೊಗುವುದಕ್ಕೂ ಬಿಡುವುದಕ್ಕೂ ಇರುತ್ತವೆ. ನಾಲ್ಕೂ ಸಲ ಅಧಿಕಾರಿಯ ಮೊಹರು ಬೀಳಲೇಬೇಕು. ನಾನು ಮೊದಲ ಸಲ ಹೋದಾಗ ಹಿಂದಿರುಗುವ ದಿನ ಗಡಿಬಿಡಿಯಲ್ಲಿ ಪೆಟ್ಟಿಗೆಯನ್ನು ವಿಮಾನದವರ ಸಾಮಾನು ಸಾಗಿಸುವ ಬೆಲ್ಟಿನ ಮೇಲೆ ಇಟ್ಟೇಬಿಟ್ಟಿದ್ದೆ, ಸುಂಕದ ಕಚೇರಿಗೆ ಹೋದರೆ "ಪುಸ್ತಕ ತಂದಿರಿ, ಮೂರ್ತಿಗಳೆಲ್ಲಿ?" ಎಂದರು. ಪೆಟ್ಟಿಗೆಯನ್ನು ಹಿಂದಕ್ಕೆ ತರಿಸಿಕೊಳ್ಳುವಷ್ಟರಲ್ಲಿ ಒಂದೂವರೆ ತಾಸು ಕಳೆಯಿತು, ಬೆವರು ಇಳಿದಿತ್ತು. ಆ ಹೊರಡುವ ಮೊಹರು ಇಲ್ಲದಿದ್ದರೆ ವಸ್ತು ಅಲ್ಲಿಯೇ ಮಾರಾಟವಾಯಿತೆಂದು ಲೆಕ್ಕ ಹಾಕಿ ಸುಂಕ ಕೇಳುತ್ತಾರೆ, ಅದು ನಿಮ್ಮ ಠೇವಣಿಯಿಂದ ಹೋಗುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿಯೂ ಅಲ್ಲಿಯೂ ಮೊದಲು ಸುಂಕದವರು, ಆಮೇಲೆ ವಿಮಾನದವರು. ಸಾಧ್ಯವಾದರೆ ನಡುವೆ ಇನ್ನೊಂದು ದೇಶದಲ್ಲಿ ಇಳಿದು ಹತ್ತದ ನೇರ ವಿಮಾನವನ್ನೇ ಹಿಡಿಯಿರಿ. ಬೆಂಗಳೂರಿಗೆ ಮರಳಿದಾಗ ತೋರಿಸಲು ಏನೂ ಇಲ್ಲದವರ ಹಸಿರು ದಾರಿಯಲ್ಲಿ ಬಾರದೆ, ಸುಂಕದವರಿಗೆ ವಸ್ತು ತೋರಿಸುವ ಕೆಂಪು ದಾರಿಗೆ ಹೋಗಿ ಕೊನೆಯ ಮೊಹರು ಹಾಕಿಸಿಕೊಳ್ಳಬೇಕು.

ಮಾರಾಟದ ವಿಷಯ. ಕಾರ್ನೆಟ್‌ನಲ್ಲಿ ಹೋದದ್ದು ಮಾರುವುದಕ್ಕಲ್ಲ. ಮಾರುವ ಉದ್ದೇಶವಿರುವ ತುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿ, ಬೆಲೆಪಟ್ಟಿಯ ಜೊತೆ ರಫ್ತು ಎಂದೇ ಕಳಿಸಬೇಕು. ಅದಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು, ಆನ್‌ಲೈನಿನಲ್ಲಿಯೇ ಸಿಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕಲಾವಿದನೇ ಕೆತ್ತಿದ ಮೂಲ ಶಿಲ್ಪವೆಂದು ಒಪ್ಪಿಗೆಯಾದರೆ ಅದು ಸುಂಕಪಟ್ಟಿಯ 9703ರಲ್ಲಿ ಬರುತ್ತದೆ, ಮರದ ಅಲಂಕಾರ ಸಾಮಗ್ರಿ ಎಂದಾದರೆ 4420ರಲ್ಲಿ. ಮೊದಲನೆಯದಕ್ಕೆ ಜರ್ಮನಿಯಲ್ಲಿ ಆಮದು ತೆರಿಗೆ ಶೇಕಡಾ 7, ಎರಡನೆಯದಕ್ಕೆ 19. ಒಂದೇ ಗಣಪತಿ, ಬರೆಯುವ ಸಾಲಿನಿಂದ ಇಷ್ಟು ವ್ಯತ್ಯಾಸ. ಆದ್ದರಿಂದ ಒಂದೊಂದು ಮೂರ್ತಿಗೂ ನೀವೇ ಕೆತ್ತಿದ್ದೆಂದು, ಅಂಥದು ಬೇರೊಂದಿಲ್ಲವೆಂದು, ಯಾವ ವರ್ಷದ್ದೆಂದು ಸಹಿ ಹಾಕಿದ ಪತ್ರವನ್ನು ಇಟ್ಟುಕೊಳ್ಳಿ. ಮೊದಲ ಯಾತ್ರೆಗೆ ಮಾರುವ ಗೋಜು ಬೇಡವೆಂಬುದು ನನ್ನ ಅಭಿಪ್ರಾಯ. ಬೇಡಿಕೆ ಬರೆದುಕೊಂಡು ಬಂದರೆ ಇಲ್ಲಿಂದಲೇ ಕಳಿಸಬಹುದು.

ಗಂಧದ ಮೂರ್ತಿಗಳನ್ನು ಮನೆಯಲ್ಲಿಯೇ ಬಿಡಿ. ಕಚ್ಚಾ ಶ್ರೀಗಂಧದ ರಫ್ತಿಗೆ ನಿಷೇಧವಿದ್ದರೂ ಪೂರ್ಣಗೊಂಡ ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ ಎಂಬುದು ನಿಜ, ಆದರೆ ಮರ ಎಲ್ಲಿಂದ ಬಂತೆಂಬುದಕ್ಕೆ ರಸೀದಿ ಕೈಯಲ್ಲಿಲ್ಲದಿದ್ದರೆ ಆ ವಿನಾಯಿತಿಯನ್ನು ವಿಮಾನ ನಿಲ್ದಾಣದಲ್ಲಿ ನಿಂತು ವಾದಿಸಿ ಗೆಲ್ಲಲಾಗದು. ಎಂಟು ಕೆತ್ತನೆಗಳಲ್ಲಿ ಎರಡಕ್ಕೆ ಬೀಟೆಯ ಪೀಠವಿರುವುದು ನಿಮ್ಮ ಚಿತ್ರಗಳಲ್ಲಿ ಕಾಣುತ್ತದೆ. ಬೀಟೆಯೂ ಅದರ ಕುಲದ ಮರಗಳೂ 2017ರಿಂದ, ಅಳಿವಿನ ಭಯವಿರುವ ಗಿಡ-ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ. ಹತ್ತು ಕಿಲೋದೊಳಗಿನ ಸಿದ್ಧ ವಸ್ತುಗಳಿಗೆ ಸಡಿಲಿಕೆ ಇದೆ, ಮರ ಕಾನೂನುಬದ್ಧವಾಗಿ ಬಂದದ್ದೆಂದು ಹೇಳುವ, ಕರಕುಶಲ ರಫ್ತು ಉತ್ತೇಜನ ಮಂಡಳಿಯ 'ವೃಕ್ಷ' ಪ್ರಮಾಣಪತ್ರವೂ ಇದೆ, ಆದರೆ ಎರಡು ಪೀಠಕ್ಕಾಗಿ ಅಷ್ಟು ಓಡಾಡುವ ಬದಲು ಹಲಸಿನ ಪೀಠ ಮಾಡಿ ಕೂರಿಸಿ. ಅಜ್ಜನ ಮಂಟಪದ ತುಂಡಂತೂ ಬೇಡವೇ ಬೇಡ. ನೂರು ವರ್ಷ ದಾಟಿದ ಕಲಾವಸ್ತು 1972ರ ಪ್ರಾಚ್ಯವಸ್ತು ಕಾಯಿದೆಯೊಳಗೆ ಬರುತ್ತದೆ, ಖಾಸಗಿಯವರು ಅದನ್ನು ಹೊರಗೊಯ್ಯುವಂತಿಲ್ಲ. ನೂರಾಗಿಲ್ಲವೆಂದರೂ ಅದು ಪ್ರಾಚ್ಯವಸ್ತುವಲ್ಲವೆಂದು ಪುರಾತತ್ತ್ವ ಇಲಾಖೆಯಿಂದ ಪ್ರಮಾಣಪತ್ರ ತರಬೇಕಾಗುತ್ತದೆ. ದೊಡ್ಡದೊಂದು ಚಿತ್ರ ತೆಗೆಸಿ ಗೋಡೆಗೆ ಹಾಕಿಸಿದರೆ ಸಾಕು.

ಈಗ ಮರದ ಮಾತು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ನಾನು ಕಳೆದುಕೊಂಡು ಕಲಿತೆ. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವ ಶೇಕಡಾ 85 ದಾಟಿರುತ್ತದೆ. ಅಲ್ಲಿ ಚಳಿಗಾಲದಲ್ಲಿ ಕಾಯಿಸಿದ ಕೋಣೆಯೊಳಗೆ 30ಕ್ಕೂ ಇಳಿಯಬಹುದು. ಇಲ್ಲಿ ಮಳೆಯಲ್ಲಿ ಶೇಕಡಾ 18ರಷ್ಟು ನೀರು ಹಿಡಿದುಕೊಂಡ ಮರ ಅಲ್ಲಿ 6ಕ್ಕೆ ಬರುವಾಗ ಕುಗ್ಗುತ್ತದೆ, ಹೊರಮೈ ಮೊದಲು ಒಣಗಿ ಒಳಗು ಒಣಗದೆ ನಿಂತರೆ ಸೀಳುತ್ತದೆ. ನನ್ನ ಒಂದೂವರೆ ಅಡಿಯ ಗಣಪತಿ ಮೂರನೆಯ ವಾರ, ಜನ ಇರುವಾಗಲೇ, ಅಡಿಕೆ ಸುಲಿದಂತೆ ಟಕ್ಕೆಂದು ಸದ್ದು ಮಾಡಿ ಎಡಗಿವಿಯಿಂದ ಹೊಟ್ಟೆಯವರೆಗೆ ಬಿರುಕು ಬಿಟ್ಟ. ಬಿರುಕಿನೊಳಗೆ ಮರ ಇನ್ನೂ ಎಳೆಯ ಹಳದಿಯಾಗಿಯೇ ಇತ್ತು. ಆಷಾಢದಲ್ಲಿ ಕೆತ್ತಿದ್ದೆ, ಆಶ್ವಯುಜದಲ್ಲಿ ಒಯ್ದಿದ್ದೆ. ಆದ್ದರಿಂದ ಈ ವರ್ಷ ಕೆತ್ತಿದ್ದನ್ನು ಬಿಟ್ಟು ಎರಡು ಬೇಸಿಗೆ ಕಂಡ ತುಂಡುಗಳನ್ನೇ ಆರಿಸಿ. ಹೊರಡುವ ಮುನ್ನ ಎರಡು ತಿಂಗಳು ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗದಂತೆ ಬಟ್ಟೆ ಮುಚ್ಚಿ ಇಡಿ. ಅಡ್ಡ ಕೊಯ್ದ ಮುಖಕ್ಕೆ, ಅಂದರೆ ಪೀಠದ ಅಡಿಗೂ ಕಿರೀಟದ ತುದಿಗೂ, ಜೇನುಮೇಣ ತಿಕ್ಕಿ. ದಪ್ಪ ಮೂರ್ತಿಯಾದರೆ ನಮ್ಮ ಹಿರಿಯರು ಮಾಡುತ್ತಿದ್ದಂತೆ ಬೆನ್ನಿನಿಂದ ತಿರುಳನ್ನು ಕೊರೆದು ತೆಗೆಯಿರಿ. ತಲುಪಿದ ಮೇಲೆ ಪೆಟ್ಟಿಗೆಯನ್ನು ಒಂದು ಪೂರ್ತಿ ದಿನ ತೆರೆಯದೆ ಅದೇ ಕೋಣೆಯಲ್ಲಿ ಬಿಡಿ. ಕೋಣೆಯ ತೇವ ಶೇಕಡಾ 50ರ ಆಸುಪಾಸಿನಲ್ಲಿ ಇರಬೇಕು, ಬಿಸಿಗಾಳಿಯ ಯಂತ್ರದ ಬಳಿ ಮೂರ್ತಿ ಇಡಕೂಡದು ಎಂಬುದನ್ನು ಒಪ್ಪಂದದಲ್ಲಿಯೇ ಬರೆಸಿ.

ಬೆಂಡಿಗೆ ಬಿಸಿಗಿಂತ ಒತ್ತಡವೇ ಶತ್ರು. ಒಮ್ಮೆ ಹೆಬ್ಬೆರಳು ಊರಿದರೆ ಆ ಕುಳಿ ಮತ್ತೆ ಏಳುವುದಿಲ್ಲ. ಹತ್ತಿ ಸುತ್ತಿದರೆ ಎಳೆಗಳು ಬೇಗಡೆಯ ಅಂಚಿಗೆ ಸಿಕ್ಕಿ, ಬಿಡಿಸುವಾಗ ಹೂವಿನ ದಳವೇ ಕಿತ್ತು ಬರುತ್ತದೆ. ಗುಳ್ಳೆಯ ಪ್ಲಾಸ್ಟಿಕ್ ಬಣ್ಣದ ಮೇಲೆ ಉರುಟು ಗುರುತು ಬಿಡುತ್ತದೆ. ಬಾಸಿಂಗದ ಹಿಂಬದಿಯ ದಾರಗಳನ್ನು ದಪ್ಪ ರಟ್ಟಿಗೆ ಕಟ್ಟಿ, ಮುಂಬದಿಗೆ ಏನೂ ತಾಗದಂತೆ ಆ ರಟ್ಟನ್ನು ಪೆಟ್ಟಿಗೆಯೊಳಗೆ ನಿಲ್ಲಿಸಿ, ಆ ಪೆಟ್ಟಿಗೆಯನ್ನು ಇನ್ನೊಂದರೊಳಗೆ ಫೋಮ್ ತುಂಬಿ ಕೂರಿಸಿ. ನಮ್ಮಲ್ಲಿ ಅಭ್ಯಾಸವಿರುವಂತೆ ಬೈಹುಲ್ಲು, ದರಕು (ಒಣಗಿದ ಎಲೆ) ತುಂಬಬೇಡಿ, ತೊಗಟೆಯಿರುವ ತುಂಡನ್ನೂ ಇಡಬೇಡಿ. ಕೀಟದ ಭಯದಿಂದ ಅಲ್ಲಿ ತಡೆಯುತ್ತಾರೆ. ಹೊರಪೆಟ್ಟಿಗೆ ಹಲಗೆಯದಾದರೆ ಮರವನ್ನು ಒಳಗಿನವರೆಗೂ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ ಮುದ್ರೆ ಇರಬೇಕು, ಪ್ಲೈವುಡ್ಡಿಗೆ ಆ ಕಟ್ಟುಪಾಡಿಲ್ಲ. ಮೊಳೆ ಹೊಡೆಯದೆ ತಿರುಪು ಹಾಕಿ, ಯಾವುದು ಎಲ್ಲಿ ಕೂರುತ್ತದೆ ಎಂಬ ಚಿತ್ರವನ್ನು ಮುಚ್ಚಳದ ಒಳಗೆ ಅಂಟಿಸಿ. ತೆರೆದು ನೋಡಿದ ಅಧಿಕಾರಿ ಮತ್ತೆ ಹಾಗೆಯೇ ಇಡಬೇಕಲ್ಲವೇ. ವಾರ್ನಿಷ್, ತಿನ್ನರ್ ವಿಮಾನದಲ್ಲಿ ಒಯ್ಯುವಂತಿಲ್ಲ.

ವಿಮೆ ನಿಮ್ಮ ಕುಮಟೆಯ ಮನೆಯಿಂದ ಹೊರಟು ಮತ್ತೆ ಅದೇ ಮನೆಗೆ ಬರುವವರೆಗಿನದಾಗಿರಲಿ. ಮರಳಿಸುವ ಸಾಗಣೆ ವೆಚ್ಚ ಯಾರದೆಂಬುದನ್ನು ಬರೆಸದೆ ಸಹಿ ಹಾಕಬೇಡಿ. ಕರೆಯುವಾಗ ಇರುವ ಉತ್ಸಾಹ ಕಳಿಸುವಾಗ ಇರುವುದಿಲ್ಲ.

ವೀಸಾ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡಕೂಡದು. ಶುಲ್ಕ ಜೂನ್ 2024ರಿಂದ 90 ಯೂರೋ, ಪ್ರಯಾಣದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು. ಆಹ್ವಾನ ಪತ್ರದಲ್ಲಿ ದಿನಾಂಕ, ವಸತಿ, ಖರ್ಚು ಯಾರದೆಂಬುದು ಸ್ಪಷ್ಟವಿರಲಿ, ಪ್ರಾತ್ಯಕ್ಷಿಕೆಗೆ ಸಂಭಾವನೆ ಕೊಡುವುದಿದ್ದರೆ ಅದನ್ನೂ ಮುಚ್ಚಿಡದೆ ಮೊದಲೇ ತಿಳಿಸಿ, ಏಕೆಂದರೆ ವೀಸಾದ ಬಗೆ ಬದಲಾಗಬಹುದು. ನಮ್ಮಂಥವರು ಎಡವುವುದು ಬ್ಯಾಂಕ್ ಪುಸ್ತಕದಲ್ಲಿ: ಮಾರಿಕಾಂಬೆಯ ಜಾತ್ರೆಯಲ್ಲಿ ಮಾರಿದ ಹಣವೆಲ್ಲ ಕೈಯಿಂದ ಕೈಗೆ ಹೋಗಿರುತ್ತದೆ, ಖಾತೆ ಖಾಲಿ. ಈಗಿನಿಂದಲೇ ಬಂದದ್ದನ್ನು ಖಾತೆಗೆ ಹಾಕುತ್ತ ಬನ್ನಿ, ಕರಕುಶಲ ಅಭಿವೃದ್ಧಿ ಆಯುಕ್ತರ ಪೆಹಚಾನ್ ಗುರುತಿನ ಚೀಟಿ ಇಲ್ಲದಿದ್ದರೆ ಮಾಡಿಸಿಕೊಳ್ಳಿ.

ಗಂಧದ ಮೂರ್ತಿಗಳನ್ನೂ ಮಂಟಪದ ತುಂಡನ್ನೂ ಬಿಟ್ಟು ಉಳಿದ ಹನ್ನೊಂದು ಕೃತಿಗಳ ಪಟ್ಟಿಯನ್ನು ಮೊದಲು ಕಾಗದದ ಮೇಲೆ ಬರೆದು ನನಗೆ ಕಳಿಸಿದರೆ ನೋಡಿಕೊಡುತ್ತೇನೆ. ನನ್ನ ಹಳೆಯ ಪ್ಲೈವುಡ್ ಪೆಟ್ಟಿಗೆ ಮನೆಯ ಅಟ್ಟದಲ್ಲಿಯೇ ಇದೆ, ಒಳ ಅಳತೆ ಮೂರು ಅಡಿ, ಎರಡು ಅಡಿ, ಒಂದೂವರೆ ಅಡಿ. ನಿಮ್ಮ ದೊಡ್ಡ ಕೆತ್ತನೆ ಅದರಲ್ಲಿ ಹಿಡಿಸುವುದಾದರೆ ಶಿರಸಿಗೆ ಬಂದಾಗ ಒಯ್ಯಿರಿ. ಮುಚ್ಚಳದ ಎರಡು ತಿರುಪು ಕಳೆದಿವೆ, ಹೊಸದು ಹಾಕಿಸಿಕೊಳ್ಳಬೇಕು.