ಭಾನುವಾರದ ಬ್ಯಾಗು

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಂದು ಕುಟುಂಬದ ಕತೆ ಇದು. ಹೆಸರು, ಬಡಾವಣೆ, ಕೆಲಸ ಎಲ್ಲ ಬದಲಿಸಿದ್ದೇನೆ. ಬರೆಯೋಕೆ ದಂಪತಿಯ ಒಪ್ಪಿಗೆ ಇದೆ. ಜಾಗಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಮೈಸೂರಿನಲ್ಲಿ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಭಾನುವಾರ ಹೊರಟವರು ಹೋಗುವುದು ಅದೇ ನಾಲ್ಕೈದು ಜಾಗಕ್ಕೆ ಅಲ್ವಾ?

ಲೋಕೇಶ್, ಭವ್ಯ. ಮಗಳು ಚಿನ್ನುಗೆ ನಾಲ್ಕು ತುಂಬಿದೆ, ಮಗನಿಗೆ ಒಂದೂವರೆ. ಲೋಕೇಶ್ ಕೆಲಸ ಬೆಂಗಳೂರಿನಲ್ಲಿ. ವಾರವೆಲ್ಲ ಪಿಜಿ ವಾಸ. ಶನಿವಾರ ರಾತ್ರಿ ರೈಲಿಗೆ ಬರುತ್ತಾರೆ, ಸೋಮವಾರ ಕತ್ತಲಿರುವಾಗಲೇ ಹೊರಡುತ್ತಾರೆ. ಮನೆಯಲ್ಲಿ ಅವರ ತಾಯಿಯೂ ಇದ್ದಾರೆ.

ಮೊದಲ ದಿನ ಕುರ್ಚಿ ಎಳೆದುಕೊಂಡು ಕೂತ ತಕ್ಷಣ ಭವ್ಯ ಹೇಳಿದ್ದು ಇಷ್ಟು: "ಭಾನುವಾರ ಬಂತು ಅಂದ್ರೆ ಹೊಟ್ಟೆ ಹಿಂಡುತ್ತೆ ಮೇಡಂ."

ಲೋಕೇಶ್ ಮುಖ ಕೆಂಪಾಯಿತು. "ನಾನು ಆರು ದಿನ ಕಾದು ಬರೋದು ಇವರಿಗೋಸ್ಕರ. ಮನೇಲಿ ಕೂತರೆ ಕೂತ ಅಂತಾರೆ, ಕರ್ಕೊಂಡು ಹೋದ್ರೆ ಹಿಂಗೆ."

ಅವರು ನನ್ನ ಹತ್ತಿರ ಬರೋಕೆ ಕಾರಣ ಹಿಂದಿನ ವಾರದ ಒಂದು ಏಟು. ಅವತ್ತು ಬೆಳಿಗ್ಗೆ ಜೂ, ಆಮೇಲೆ ಹೋಟೆಲ್ ಊಟ, ಊಟ ಆದ ಮೇಲೆ ಅರಮನೆ ಒಳಗೆ ಒಂದು ಸುತ್ತು, ಕಾರಂಜಿ ಕೆರೆಯಲ್ಲಿ ಬೋಟಿಂಗು, ಸಂಜೆ 7ಕ್ಕೆ ಮತ್ತೆ ಅರಮನೆಗೆ ಬಂದು ದೀಪಾಲಂಕಾರ. ದೀಪ ಹತ್ತಿದ ಕ್ಷಣ ಲೋಕೇಶ್ ಫೋಟೋ ತೆಗೆಯೋಕೆ ಮಗಳ ಕೈ ಬಿಟ್ಟರು. ಎರಡು ಫೋಟೋ ತೆಗೆದು ಕೆಳಗೆ ನೋಡಿದರೆ ಚಿನ್ನು ಇಲ್ಲ. ಮೂರು ನಿಮಿಷವೋ ನಾಲ್ಕೋ, ಸೋಪಿನ ಗುಳ್ಳೆ ಊದುವವನ ಹತ್ತಿರ ಸಿಕ್ಕಳು. ಸಿಕ್ಕವಳ ಕೆನ್ನೆಗೆ ಬಾರಿಸಿದರು. ಅವಳು ಅಲ್ಲೇ ನೆಲಕ್ಕೆ ಬಿದ್ದು ಹೊರಳಾಡಿದಳು. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು, "ಮಗೀಗ್ಯಾಕಪ್ಪ ಹೊಡೀತೀಯ, ಕೈ ಬಿಟ್ಟೋನು ನೀನಲ್ವಾ?" ಅಂದರಂತೆ.

ಏಟಿನಷ್ಟೇ ಆ ಮಾತೂ ಲೋಕೇಶ್‌ಗೆ ನಾಟಿತ್ತು. ಅದನ್ನು ಹೇಳುವಾಗ ಅವರು ಕಿಟಕಿ ಕಡೆ ನೋಡುತ್ತಿದ್ದರು.

ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ಆ ಭಾನುವಾರ ಎಷ್ಟು ಗಂಟೆಗೆ ಏನಾಯಿತು ಬರೀರಿ, ಒಬ್ಬರದ್ದು ಒಬ್ಬರು ನೋಡಬೇಡಿ ಅಂದೆ. ದಂಪತಿ ಬಂದಾಗ ನಾನು ಇದನ್ನು ಆಗಾಗ ಮಾಡಿಸುತ್ತೇನೆ. ಬಾಯಲ್ಲಿ ಜಗಳ ಬರುತ್ತೆ, ಗಡಿಯಾರದಲ್ಲಿ ಜಗಳ ಕಮ್ಮಿ.

ಲೋಕೇಶ್ ಹಾಳೆ ಶುರುವಾಗಿದ್ದು ಹೀಗೆ: "9.45 ಮನೆಯಿಂದ ಹೊರಟೆವು." ಮುಗಿದಿದ್ದು "8.30 ಮನೆ ತಲುಪಿದೆವು." ನಡುವೆ ಆರು ಸಾಲು, ಎಲ್ಲವೂ ಜಾಗದ ಹೆಸರು.

ಭವ್ಯ ಹಾಳೆಯ ಮೊದಲ ಸಾಲು "5.00 ಎದ್ದೆ." ಆಮೇಲೆ ಚಿತ್ರಾನ್ನ ಕಲಸಿದ್ದು, ಪಾಪುಗೆ ರಾಗಿ ಸರಿ ಮಾಡಿ ಡಬ್ಬಿಗೆ ಹಾಕಿದ್ದು, ಫ್ಲಾಸ್ಕಿಗೆ ಬಿಸಿನೀರು, ಎರಡು ಜೊತೆ ಬಟ್ಟೆ, ಡೈಪರ್, ಅತ್ತೆಯ ಮಂಡಿ ನೋವಿನ ಮಾತ್ರೆ. ಜೂ ಒಳಗೆ ಪ್ಲಾಸ್ಟಿಕ್ ಬಿಡುವುದಿಲ್ಲ ಅಂತ ಕವರಿನಲ್ಲಿದ್ದ ಬಿಸ್ಕತ್ತನ್ನು ಸ್ಟೀಲ್ ಡಬ್ಬಿಗೆ ಸುರಿದದ್ದೂ ಒಂದು ಸಾಲು. 1.10ಕ್ಕೆ "ಚಿನ್ನು ಕಣ್ಣು ಉಜ್ಜಿದಳು, ಹೋಟೆಲಲ್ಲಿ ಟೇಬಲ್ ಸಿಗಲಿಲ್ಲ." 2.30ಕ್ಕೆ "ಅರಮನೆ, ಚಪ್ಪಲಿ ಬಿಡೋ ಸಾಲು, ಪಾಪು ಸೊಂಟದ ಮೇಲೇ ನಿದ್ದೆ." ಕೊನೆಯ ಸಾಲು "11.20 ಬಾಟಲಿ ತೊಳೆದು ಬ್ಯಾಗು ಒಣಗಿ ಹಾಕಿದೆ."

ಹಾಳೆಗಳನ್ನು ಅದಲು ಬದಲು ಮಾಡಿ ಕೊಟ್ಟೆ. ಲೋಕೇಶ್ ಓದಿದರು. "ಬ್ಯಾಗು ಒಣಗಿ ಹಾಕಿದ್ದಾ? ಯಾಕೆ?" ಅಂದರು. "ಅದರೊಳಗೆ ಹಾಲು ಚೆಲ್ಲಿತ್ತು ರೀ" ಅಂದರು ಭವ್ಯ. ಅಷ್ಟೇ.

ಎರಡೂ ಹಾಳೆಯಲ್ಲಿ ಒಂದು ಸಾಲು ಇರಲೇ ಇಲ್ಲ. ಚಿನ್ನು ಮಧ್ಯಾಹ್ನ ಮಲಗಿದ್ದು. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಅದರಲ್ಲೇ ಸೇರಿತು. ಮನೆಯಲ್ಲಿ ಚಿನ್ನು 1ಕ್ಕೆ ಮಲಗಿ 2.30ಕ್ಕೆ ಏಳುವವಳು. ಅವತ್ತು ಆ ಹೊತ್ತಿನಲ್ಲಿ ಹೋಟೆಲ್ ಬಾಗಿಲಲ್ಲಿ ಹಸಿದು ನಿಂತಿದ್ದಳು, ಆಮೇಲೆ ಸುಡುವ ಕಲ್ಲಿನ ಮೇಲೆ ಬರಿಗಾಲಲ್ಲಿ. ಸಂಜೆ 7ಕ್ಕೆ ನೆಲಕ್ಕೆ ಬಿದ್ದು ಹೊರಳಾಡಿದ್ದು ಹಟ ಅಂತ ಅಪ್ಪ ಅಂದುಕೊಂಡಿದ್ದರು. ನಾಲ್ಕು ವರ್ಷಕ್ಕೆ "ನನಗೆ ಸಾಕಾಗಿದೆ, ಮನೆಗೆ ಹೋಗೋಣ" ಅಂತ ಹೇಳೋಕೆ ಬರುತ್ತೆ. ಆದರೆ ಅಷ್ಟು ದಣಿದ ಮೇಲೆ ಬರುವುದಿಲ್ಲ. ಆಗ ಮೈ ಹೇಳುತ್ತೆ.

ಮೈಸೂರು ಮೃಗಾಲಯ 1892ರದ್ದು. ಸುತ್ತು ಮುಗಿಸೋಕೆ ದೊಡ್ಡವರಿಗೇ ಎರಡು ಮೂರು ಗಂಟೆ ಬೇಕು. ಅದೊಂದೇ ಒಂದು ಮಗುವಿನ ಇಡೀ ದಿನಕ್ಕೆ ಸಾಕು, ಜಾಸ್ತಿಯೇ ಆಯಿತು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ.

ನಾನು ಕೊಟ್ಟ ಮೊದಲ ಸಲಹೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಒಂದು ದಿನಕ್ಕೆ ಒಂದೇ ಜಾಗ. ಬೆಳಿಗ್ಗೆ ಜೂ ಗೇಟು ತೆಗೆಯುವ 8.30ಕ್ಕೇ ಹೋಗಿ, ಬಿಸಿಲು ಏರುವ ಮುಂಚೆ 11ಕ್ಕೆ ಹೊರಟು ಬಿಡಿ. ಊಟ, ನಿದ್ದೆ ಮನೆಯಲ್ಲೇ. ಎಲ್ಲ ಪ್ರಾಣಿ ನೋಡಲೇಬೇಕು ಅಂತಿಲ್ಲ, ಜಿರಾಫೆ, ಆನೆ ನೋಡಿ ವಾಪಸ್ ಬಂದರೂ ಆಯಿತು.

ಎರಡು ವಾರದ ನಂತರ ಭವ್ಯ ಫೋನ್ ಮಾಡಿದರು. "ಮೇಡಂ, ಚಿನ್ನು ಅಳಲಿಲ್ಲ. ಆದ್ರೆ 8.30ಕ್ಕೆ ಜೂ ಹತ್ರ ಇರಬೇಕು ಅಂದ್ರೆ ನಾನು ನಾಲ್ಕಕ್ಕೆ ಏಳಬೇಕು."

ಮಗುವಿನ ದಿನವನ್ನು ಸರಿ ಮಾಡಿದ್ದೆ, ತಾಯಿಯ ದಿನವನ್ನು ಇನ್ನೂ ಹಾಳು ಮಾಡಿದ್ದೆ. ಅವರ ಹಾಳೆಯನ್ನು ನಾನೇ ಓದಿದ್ದೆ, ಆದರೂ ಹೊಳೆಯಲಿಲ್ಲ.

ಎರಡನೇ ಭೇಟಿಯಲ್ಲಿ ಮಾತು ಬ್ಯಾಗಿನ ಬಗ್ಗೆ. ಶನಿವಾರ ರಾತ್ರಿ ಬ್ಯಾಗು ತುಂಬುವುದು ಲೋಕೇಶ್ ಕೆಲಸ ಅಂದೆ. ಒಂದು ಷರತ್ತು: ಭವ್ಯಳನ್ನು ಕೇಳುವ ಹಾಗಿಲ್ಲ. "ಡೈಪರ್ ಎಲ್ಲಿದೆ" ಅಂತ ಕೇಳಿದರೆ ಕೆಲಸ ಅರ್ಧ ಅವಳ ತಲೆಯಲ್ಲೇ ಉಳಿಯುತ್ತೆ. ಬೆಳಗಿನ ತಿಂಡಿ ಮನೆಯಲ್ಲಿ ಮಾಡುವುದೇ ಬೇಡ, ದಾರಿಯಲ್ಲಿ ಇಡ್ಲಿ ಕಟ್ಟಿಸಿಕೊಳ್ಳಿ. ಭವ್ಯಗೂ ಒಂದು ಷರತ್ತು: ಅವರು ಮರೆತದ್ದನ್ನು ಕದ್ದು ಒಳಗೆ ಸೇರಿಸಬಾರದು.

ಮೊದಲ ವಾರ ಲೋಕೇಶ್ ಪಾಪುವಿನ ಬದಲಿ ಚಡ್ಡಿ ಮರೆತರು. ಪಾಪು ಕಾರಂಜಿ ಕೆರೆಯ ಬೆಂಚಿನ ಮೇಲೆ ತನ್ನ ಕೆಲಸ ಮುಗಿಸಿದ. ಹೋದ ಮುಕ್ಕಾಲು ಗಂಟೆಗೆ ಎಲ್ಲರೂ ವಾಪಸ್. "ನೋಡಿದ್ದು ಒಂದೇ ಒಂದು ನವಿಲು ಮೇಡಂ" ಅಂತ ನಗಾಡಿದರು. ಎರಡನೇ ವಾರ ಮೂರು ಚಡ್ಡಿ ಇಟ್ಟಿದ್ದರು.

ನಗುವಿನ ನಡುವೆ ಏಟಿನ ಮಾತು ತೇಲಿ ಹೋಗಬಾರದು ಅಂತ ನಾನೇ ಮತ್ತೆ ಎತ್ತಿದೆ. ಲೋಕೇಶ್ ಒಬ್ಬರನ್ನೇ ಕೂರಿಸಿ ಕೇಳಿದೆ, ಆ ಮೂರು ನಿಮಿಷ ಏನನ್ನಿಸಿತು ಅಂತ. ಕೈ ನಡುಗಿತು, ಬಾಯಿ ಒಣಗಿತು ಅಂದರು. ಹಾಗಾದರೆ ಕೆನ್ನೆಗೆ ಬಿದ್ದದ್ದು ಸಿಟ್ಟಲ್ಲ, ಹೆದರಿಕೆ. ಆದರೆ ಚಿನ್ನುಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವಳಿಗೆ ಗೊತ್ತಾಗಿದ್ದು, ಕಳೆದುಹೋಗಿ ಅಪ್ಪನ ಹತ್ತಿರ ಓಡಿ ಬಂದರೆ ಏಟು ಬೀಳುತ್ತೆ ಅನ್ನುವುದು. ಮುಂದಿನ ಸಲ ಓಡಿ ಬರದೇ ಇರಬಹುದು. ಇದನ್ನು ಕೇಳಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕ್ಷಮೆ ಕೇಳಿದರೆ ಮಗು ತಲೆ ಮೇಲೆ ಕೂರುತ್ತೆ ಅನ್ನುವ ಭಯ ನಮ್ಮಲ್ಲಿ ತುಂಬಾ ಜನಕ್ಕಿದೆ. ಕೂರುವುದಿಲ್ಲ. "ಅವತ್ತು ನೀನು ಕಾಣಲಿಲ್ಲ ಅಂತ ಅಪ್ಪನಿಗೆ ಭಯ ಆಯ್ತು, ಹೊಡೆದುಬಿಟ್ಟೆ, ಅದು ಅಪ್ಪನ ತಪ್ಪು" ಅಂತ ಅವಳ ಎತ್ತರಕ್ಕೆ ಕೂತು ಒಂದೇ ಸಲ ಹೇಳಿ, ಉದ್ದ ಭಾಷಣ ಬೇಡ ಅಂದೆ.

ಜನಜಂಗುಳಿಗೆ ಹೋಗುವಾಗ ಮಗುವಿನ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇರಲಿ. ಮಗು ಯಾರ ಜವಾಬ್ದಾರಿ ಅಂತ ಹೊತ್ತು ಹೊತ್ತಿಗೆ ಬಾಯಿಬಿಟ್ಟು ಹೇಳಿಕೊಳ್ಳಿ: "ಈಗ ಚಿನ್ನು ನಿನ್ನ ಹತ್ರ." ಎಲ್ಲರೂ ನೋಡುತ್ತಿದ್ದಾರೆ ಅಂದುಕೊಂಡಾಗಲೇ ಯಾರೂ ನೋಡುತ್ತಿರುವುದಿಲ್ಲ. ಫೋಟೋ ತೆಗೆಯುವವರು ಆ ಹೊತ್ತಿಗೆ ಮಗುವನ್ನು ಬೇರೆಯವರಿಗೆ ಒಪ್ಪಿಸಿಯೇ ಫೋನ್ ಎತ್ತಬೇಕು. ಸದ್ಯಕ್ಕೆ ದೀಪಾಲಂಕಾರವೇ ಬೇಡ, ಭಾನುವಾರ ಅಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ. ಬೇಕೇ ಬೇಕು ಅಂದರೆ ಹೊರಗೆ ರಸ್ತೆಯಿಂದ ಐದು ನಿಮಿಷ ತೋರಿಸಿದರೆ ಚಿನ್ನುಗೆ ಅಷ್ಟೇ ಖುಷಿ.

ಇನ್ನೊಂದು ಚಿಕ್ಕದು. ಆಟದ ಸಾಮಾನಿನ ಅಂಗಡಿ ಮುಂದೆ ಪ್ರತಿ ವಾರ ಗಲಾಟೆ ಆಗುತ್ತಿತ್ತು. ಮನೆ ಬಿಡುವಾಗಲೇ ಚಿನ್ನುವಿನ ಪರ್ಸಿಗೆ 50 ರೂಪಾಯಿ ಹಾಕಿ, ಅದು ಅವಳದ್ದು, ಮುಗಿದರೆ ಮುಗಿಯಿತು ಅಂದೆ. ಗಲಾಟೆ ಪೂರ್ತಿ ನಿಂತಿಲ್ಲ, ಕಮ್ಮಿಯಾಗಿದೆ.

ಮೂರನೇ ಭೇಟಿಗೆ ಲೋಕೇಶ್ ತಾಯಿಯೂ ಬಂದಿದ್ದರು, ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಕರೆದು ಭಾನುವಾರ ಹೇಗಿರುತ್ತೆ ಅಮ್ಮ ಅಂದೆ. ಸೊಸೆ ಕಡೆ ಒಮ್ಮೆ ನೋಡಿ ಅಂದರು, "ನಂಗೆ ಮಂಡಿ ನೋವು ಕಣವ್ವ. ಬರಕಿಲ್ಲ ಅಂದ್ರೆ ಮಗ ಬೇಜಾರು ಮಾಡ್ಕತಾನೆ ಅಂತ ಹೋಯ್ತೀನಿ." ಲೋಕೇಶ್ ಬೆರಗಾಗಿ, "ಅಮ್ಮ, ನಿಂಗೆ ಬೇಜಾರಾಗುತ್ತೆ ಅಂತ ತಾನೇ ನಾನು ಕರೆಯೋದು?" ಅಂದರು. ಐದು ಜನದ ಮನೆಯಲ್ಲಿ ಎಷ್ಟೋ ಭಾನುವಾರ ಹೀಗೆ ಯಾರಿಗೂ ಬೇಡದ ತಿರುಗಾಟ ನಡೆದಿತ್ತು.

ಆಗ ಲೋಕೇಶ್ ಬಾಯಿಂದಲೇ ಮಾತು ಬಂತು. "ಆರು ದಿನ ಇರಲ್ಲ ಮೇಡಂ. ಆ ಬಾಕಿ ಎಲ್ಲ ಒಂದೇ ದಿನದಲ್ಲಿ ತೀರಿಸೋಣ ಅಂತ."

ಸಾಲ ಕೊಟ್ಟವರು ಯಾರೂ ಅದನ್ನು ಜೂ ಒಳಗೇ ತೀರಿಸು ಅಂತ ಕೇಳಿರಲಿಲ್ಲ. ಚಿನ್ನುಗೆ ಬೇಕಾಗಿದ್ದದ್ದು ಅಪ್ಪ. ಅಪ್ಪನೋ ಟಿಕೆಟ್ ಸಾಲಲ್ಲಿ, ಪಾರ್ಕಿಂಗ್ ಹುಡುಕಾಟದಲ್ಲಿ, ಫೋನ್ ಹಿಂದೆ. ಹಾಗಾಗಿ ಈ ಸಲ ಹೇಳಿದ್ದು ಇದು: ತಿಂಗಳಲ್ಲಿ ಎರಡು ಭಾನುವಾರ ಎಲ್ಲಿಗೂ ಹೋಗಬೇಡಿ. ಒಂದು ಭಾನುವಾರ ಎಲ್ಲರೂ. ಇನ್ನೊಂದು ಅಪ್ಪ ಮಗಳು ಇಬ್ಬರೇ, ಸಿಟಿ ಬಸ್ಸಲ್ಲಿ, ಒಂದೆರಡು ಗಂಟೆ. ಫೋನ್ ಜೇಬಲ್ಲೇ ಇರಲಿ.

ಇಬ್ಬರೇ ಅಂದ ತಕ್ಷಣ ಲೋಕೇಶ್ ಕೇಳಿದ್ದು, "ಬಾತ್‌ರೂಮಿಗೆ ಹೇಗೆ ಕರ್ಕೊಂಡು ಹೋಗ್ಲಿ ಮೇಡಂ? ಹೆಣ್ಣುಮಗು." ಎಷ್ಟೋ ಅಪ್ಪಂದಿರು ಮಗಳನ್ನು ಒಬ್ಬರೇ ಹೊರಗೆ ಕರೆದೊಯ್ಯದಿರೋಕೆ ಈ ಸಣ್ಣ ಮುಜುಗರವೇ ಕಾರಣ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಮನೆ ಬಿಡುವಾಗ ಒಮ್ಮೆ, ಅಲ್ಲಿ ಕಾಲಿಟ್ಟ ತಕ್ಷಣ ಒಮ್ಮೆ ಮಾಡಿಸಿ. ನಡುವೆ ಬಂದರೆ ಗಂಡಸರ ಕಡೆಯಲ್ಲೇ ಬಾಗಿಲು ಹಾಕುವ ಶೌಚಾಲಯಕ್ಕೆ ಕರೆದುಕೊಂಡು ಹೋಗಿ ಬಾಗಿಲಲ್ಲಿ ನೀವೇ ನಿಲ್ಲಿ. ಗುರುತಿಲ್ಲದ ಹೆಂಗಸರ ಜೊತೆ ಒಳಗೆ ಕಳಿಸಬೇಡಿ, ಅವರು ಎಷ್ಟೇ ಒಳ್ಳೆಯವರಾಗಿ ಕಾಣಲಿ.

ಮೊದಲ ಜಾಗ ನಾನು ಸೂಚಿಸಿದ್ದು ಸ್ಟೇಷನ್ ಹತ್ತಿರದ ರೈಲು ಮ್ಯೂಸಿಯಂ. 1979ರಲ್ಲಿ ಶುರುವಾದದ್ದು, ಚಿಕ್ಕದು, ಒಂದು ಗಂಟೆಯಲ್ಲಿ ಮುಗಿಯುತ್ತೆ, ಹಳೇ ಇಂಜಿನ್‌ಗಳ ಹತ್ತಿರವೇ ಓಡಾಡಬಹುದು. ಲೋಕೇಶ್ ಮುಖ ಹುಳ್ಳಗೆ ಮಾಡಿದರು. "ವಾರವೆಲ್ಲ ರೈಲೇ ಮೇಡಂ ನನ್ನ ಬಾಳು." ಆದರೂ ಹೋದರು. ಅಲ್ಲಿ ಚಿನ್ನು ಒಂದೇ ಒಂದು ಬೋಗಿ ಹಿಡಿದುಕೊಂಡಳಂತೆ. ಅಪ್ಪ ಹತ್ತಬೇಕು, ಇವಳು ಟಾಟಾ ಮಾಡಬೇಕು. ಅಪ್ಪ ಇಳಿಯಬೇಕು, ಇವಳು ಓಡಿ ಬಂದು ಕಾಲು ಹಿಡಿಯಬೇಕು. ಹನ್ನೆರಡು ಸಲವೋ ಹದಿನೈದು ಸಲವೋ ಆಡಿದರು. ಬೇರೆ ಏನೂ ನೋಡಲಿಲ್ಲ. ಟಿಕೆಟ್ ದುಡ್ಡು ದಂಡ ಆಯ್ತಾ ಅಂತ ಅವರು ಕೇಳಿದಾಗ ನಾನು ಉತ್ತರ ಕೊಡಲಿಲ್ಲ, ಅವರೂ ಕಾಯಲಿಲ್ಲ.

ಎಲ್ಲ ಸರಿಹೋಗಿದೆ ಅಂತ ಹೇಳಲಾರೆ. ದಸರಾ ಬಂದಾಗ ಮತ್ತೆ ವಸ್ತುಪ್ರದರ್ಶನ, ಫಲಪುಷ್ಪ ಪ್ರದರ್ಶನ, ದೀಪ ಎಲ್ಲ ಒಂದೇ ದಿನ ಮಾಡೋಕೆ ಹೋಗಿ ಜಗಳ ಆಯಿತು. ಸೋಮವಾರ ಬೆಳಿಗ್ಗೆ ಎದ್ದು ಅಪ್ಪ ಇಲ್ಲ ಅಂತ ಚಿನ್ನು ಈಗಲೂ ಅಳುತ್ತಾಳೆ. ಎಬ್ಬಿಸಿ ಹೇಳಿ ಹೋಗಿ, ಕದ್ದು ಹೋಗಬೇಡಿ ಅಂದಿದ್ದೇನೆ. ಲೋಕೇಶ್‌ಗೆ ಅದಿನ್ನೂ ಆಗುತ್ತಿಲ್ಲ.

ಅಪ್ಪ ಮಗಳು ಹೊರಗೆ ಹೋದ ಆ ಎರಡು ಗಂಟೆ ನೀವೇನು ಮಾಡಿದಿರಿ ಅಂತ ಭವ್ಯಳನ್ನು ಕೇಳಿದೆ. ಪಾಪು ಅತ್ತೆ ಹತ್ತಿರ ಮಲಗಿದ್ದ. ಮಲಗೋಣ ಅಂದುಕೊಂಡರಂತೆ, ನಿದ್ದೆ ಬರಲಿಲ್ಲ. ಎದ್ದು ಕಿಟಕಿ ಪರದೆ ಎಲ್ಲ ಬಿಚ್ಚಿ ಒಗೆದು ಹಾಕಿದರಂತೆ.

"ಸುಮ್ನೆ ಕೂರೋದು ಹೇಗೆ ಅಂತ ಮರೆತೇ ಹೋಗಿದೆ ಮೇಡಂ" ಅಂದರು. ಮುಂದಿನ ಭೇಟಿಗೆ ಒಬ್ಬರೇ ಬನ್ನಿ ಅಂದಿದ್ದೇನೆ.