ಮಾಸ್ಕ್ ಹಾಕಿದರೂ ಥಿನ್ನರ್ ವಾಸನೆ ಬರುವುದೇಕೆ?

ಮನೆಗೆ ಬಣ್ಣ ಹೊಡೆಯುವವರು, ಮರಕ್ಕೆ ಪಾಲಿಶ್ ಮಾಡುವವರು ಮಾಸ್ಕ್ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲ ಕೈಗಾರಿಕಾ ಸುರಕ್ಷತೆಯ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಯಜಮಾನರು ತುಮಕೂರಿನಲ್ಲಿ ಪೇಂಟಿಂಗ್ ಕೆಲಸ ಮಾಡುತ್ತಾರೆ. ಪುಟ್ಟಿ ಉಜ್ಜುವಾಗಲೂ, ಎನಾಮೆಲ್ ಹೊಡೆಯುವಾಗಲೂ ಎನ್95 ಮಾಸ್ಕ್ ಹಾಕುತ್ತಾರೆ. ಆದರೂ ಸಂಜೆ ಮನೆಗೆ ಬಂದಾಗ ತಲೆನೋವು, ಮೂಗಿನೊಳಗೆ ಬಿಳಿ ಪುಡಿ. ಮಾಸ್ಕ್ ಹಾಕಿದ್ರೂ ಥಿನ್ನರ್ ವಾಸನೆ ಹೊಡೆಯುತ್ತೆ ಅಂತಾರೆ. ನಕಲಿ ಮಾಲು ಕೊಟ್ಟಿರಬಹುದಾ?
— ಗೃಹಿಣಿ, ತುಮಕೂರು

ಉತ್ತರ: ಅಸಲಿ ಎನ್95 ಹಾಕಿದರೂ ಥಿನ್ನರ್ ವಾಸನೆ ಬಂದೇ ಬರುತ್ತದೆ ತಾಯಿ. ಅದು ಧೂಳಿಗಾಗಿ ಮಾಡಿದ ಮಾಸ್ಕ್. ಥಿನ್ನರ್, ಟರ್ಪೆಂಟೈನ್ ಆವಿಯಾಗಿ ಗಾಳಿಯಲ್ಲೇ ಬೆರೆತುಹೋಗಿರುತ್ತವೆ. ಜರಡಿಯಲ್ಲಿ ತೌಡು ನಿಲ್ಲುತ್ತದೆ, ನೀರು ನಿಲ್ಲುತ್ತಾ? ಹಾಗೆ.

ಆವಿ ಹಿಡಿಯುವುದಕ್ಕೆ ಬೇರೆಯದೇ ಮಾಸ್ಕ್ ಬೇಕು. ಮೂಗು, ಬಾಯಿ, ಗಲ್ಲ ಮೂರನ್ನೂ ಮುಚ್ಚುವ ರಬ್ಬರ್ ಅಥವಾ ಸಿಲಿಕೋನ್ ಮಾಸ್ಕ್ ಸಿಗುತ್ತದೆ. ಅದರ ಎರಡೂ ಕಡೆ ಡಬ್ಬಿಯಂಥ ಕಾರ್ಟ್ರಿಡ್ಜ್ ಇರುತ್ತದೆ. ಕಾರ್ಟ್ರಿಡ್ಜ್ ಒಳಗೆ ತುಂಬಿರುವುದು ಹದ ಮಾಡಿದ ಇದ್ದಿಲು. ನಿಮ್ಮ ಜಿಲ್ಲೆಯವರಿಗೆ ಇದು ಹೊಸದೇನಲ್ಲ. ತಿಪಟೂರು ಕಡೆ ಕೊಬ್ಬರಿ ಬಿಡಿಸಿದ ಮೇಲೆ ಉಳಿಯುತ್ತದಲ್ಲ ಕರಟ, ಅಂಥ ಕರಟದಿಂದ ಮಾಡಿದ ಇದ್ದಿಲನ್ನೂ ಈ ಕೆಲಸಕ್ಕೆ ಬಳಸುತ್ತಾರೆ. ಅದರ ಮೈಯೆಲ್ಲ ಕಣ್ಣಿಗೆ ಕಾಣದ ತೂತು. ಆವಿ ಹೋಗಿ ಆ ತೂತುಗಳಲ್ಲಿ ಅಂಟಿಕೊಳ್ಳುತ್ತದೆ.

ಅಂಗಡಿಯಲ್ಲಿ ಸುಮ್ನೆ ‘ಕೆಮಿಕಲ್ ಮಾಸ್ಕ್’ ಅಂತ ಕೇಳಬೇಡಿ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಅಂತ ಕೇಳಿ. ಯುರೋಪಿನ ಗುರುತಿನದ್ದಾದರೆ ‘ಎ’ ಅಕ್ಷರ, ಕಂದು ಪಟ್ಟಿ. ಅಮೆರಿಕದ ಗುರುತಿನದ್ದಾದರೆ ಕಪ್ಪು. ಹಸಿರು ಪಟ್ಟಿಯದು ಅಮೋನಿಯಾಗೆ, ಪೇಂಟಿಗೆ ಅದು ಆಗುವುದಿಲ್ಲ. ಗನ್ನಿನಲ್ಲಿ ಸ್ಪ್ರೇ ಮಾಡುವವರಿಗೆ ಕಾರ್ಟ್ರಿಡ್ಜ್ ಒಂದೇ ಸಾಲದು. ಸ್ಪ್ರೇ ಅಂದರೆ ಆವಿಯ ಜೊತೆ ಸಣ್ಣ ಸಣ್ಣ ಬಣ್ಣದ ಹನಿಯೂ ಇರುತ್ತದೆ. ಆ ಹನಿ ತಡೆಯಲು ಕಾರ್ಟ್ರಿಡ್ಜ್ ಮುಂದೆ ಧೂಳಿನ ಫಿಲ್ಟರ್ ಕೂರಿಸಬೇಕು. ಎರಡೂ ಒಂದರಲ್ಲೇ ಇರುವ ‘ಎ2ಪಿ3’ ಥರದವೂ ಸಿಗುತ್ತವೆ.

ಇನ್ನು ಮೂಗಿನೊಳಗಿನ ಬಿಳಿ ಪುಡಿ. ಎನ್95 ಧೂಳು ತಡೆಯಲೇಬೇಕಿತ್ತು, ಪರೀಕ್ಷೆಯ ಕಣಗಳಲ್ಲಿ ನೂರಕ್ಕೆ ಕನಿಷ್ಠ 95 ಭಾಗ ಹಿಡಿಯುತ್ತದೆ ಅಂತಲೇ ಆ ಹೆಸರು. ಆದರೂ ಪುಡಿ ಒಳಗೆ ಹೋಗಿದೆ ಅಂದರೆ ಬಹುಪಾಲು ಸಲ ಬಟ್ಟೆಯ ಮೂಲಕ ಹೋಗಿರುವುದಿಲ್ಲ, ಅಂಚಿನಿಂದ ನುಗ್ಗಿರುತ್ತದೆ. ಇದನ್ನು ನೀವೇ ನೋಡಬಹುದು. ಪುಟ್ಟಿ ಉಜ್ಜಿ ಮುಗಿಸಿದ ಮೇಲೆ, ಮುಖ ತೊಳೆಯುವ ಮುಂಚೆ, ಅವರು ಮಾಸ್ಕ್ ತೆಗೆಯಲಿ. ಮಾಸ್ಕ್ ಇದ್ದ ಜಾಗದಲ್ಲಿ ಚರ್ಮ ಶುಭ್ರವಾಗಿರಬೇಕು. ಮೂಗಿನ ಎರಡೂ ಪಕ್ಕದಲ್ಲಿ ಕಣ್ಣಿನ ಕೆಳಗಿಂದ ತುಟಿಯ ಕಡೆಗೆ ಬಿಳಿ ಗೆರೆ ಇಳಿದಿದ್ದರೆ ಗಾಳಿ ಅಲ್ಲಿಂದಲೇ ನುಗ್ಗಿದೆ. ಗಲ್ಲದ ಕೆಳಗೆ ಗೆರೆ ಇದ್ದರೆ ಕೆಳಗಿನ ಪಟ್ಟಿ ಸಡಿಲ. ಎಷ್ಟೋ ಪೇಂಟರ್‌ಗಳಿಗೆ ನಾನು ಈ ಗೆರೆಯನ್ನು ಕನ್ನಡಿಯಲ್ಲಿ ತೋರಿಸಿದ್ದೇನೆ. ನೋಡಿದ ಮೇಲೆ ಮತ್ತೆ ಹೇಳಬೇಕಾಗುವುದಿಲ್ಲ.

ಹಾಕುವ ಕ್ರಮ ಇಷ್ಟೇ. ಮೇಲಿನ ಪಟ್ಟಿ ತಲೆಯ ಹಿಂಭಾಗದಲ್ಲಿ ಎತ್ತರಕ್ಕೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ. ಎರಡನ್ನೂ ಕುತ್ತಿಗೆಗೇ ಹಾಕಿಕೊಳ್ಳುವವರೇ ಜಾಸ್ತಿ, ಆಗ ಮೂಗಿನ ಹತ್ತಿರ ಬಾಯ್ಬಿಡುತ್ತದೆ. ಮೂಗಿನ ಮೇಲಿನ ತಗಡಿನ ಪಟ್ಟಿಯನ್ನು ಎರಡೂ ಕೈಯ ಬೆರಳಿನಿಂದ ಒತ್ತಿ ಕೂರಿಸಬೇಕು. ಒಂದೇ ಕೈಯಲ್ಲಿ ಚಿವುಟಿದರೆ ಮಧ್ಯೆ ಚೂಪಾಗಿ ಪಕ್ಕದಲ್ಲಿ ಸಂದು ಬೀಳುತ್ತದೆ. ಆಮೇಲೆ ಎರಡೂ ಅಂಗೈ ಮಾಸ್ಕ್ ಮೇಲಿಟ್ಟು ಜೋರಾಗಿ ಉಸಿರು ಬಿಡಲಿ. ಕಣ್ಣಿಗೆ ಗಾಳಿ ತಾಗಿದರೆ ಮತ್ತೆ ಸರಿಮಾಡಬೇಕು. ಕವಾಟ ಇರುವ ಮಾಸ್ಕ್ ಆದರೆ ಉಸಿರು ಎಳೆದು ನೋಡಲಿ, ಮಾಸ್ಕ್ ಮುಖದ ಕಡೆಗೆ ಸ್ವಲ್ಪ ಒಳಸರಿಯಬೇಕು. ಕಿವಿಗೆ ಸಿಕ್ಕಿಸುವ ಮಾಸ್ಕ್ ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ತಲೆಗೆ ಪಟ್ಟಿ ಬರುವುದನ್ನೇ ತನ್ನಿ. ಐಎಸ್ 9473 ಅನ್ನುವ ಭಾರತೀಯ ಗುರುತು, ಜೊತೆಗೆ ‘ಎಫ್‌ಎಫ್‌ಪಿ2’ ಅಂತ ಇದ್ದರೆ ಪುಟ್ಟಿ ಧೂಳಿಗೆ ಸಾಕು.

ತಲೆನೋವಿಗೆ ಇನ್ನೊಂದು ಮಾತು. ಬಾಗಿಲು ಹಾಕಿಕೊಂಡು ಎನಾಮೆಲ್ ಹೊಡೆಯಬೇಡಿ ಅಂತ ಹೇಳಿ. ಧೂಳು ಕೂರುತ್ತದೆ ಅಂತ ಕಿಟಕಿ ಮುಚ್ಚುವ ಅಭ್ಯಾಸ ಎಲ್ಲ ಕಡೆ ಇದೆ. ಎದುರುಬದುರು ಕಿಟಕಿ ತೆಗೆದು, ಒಂದರಲ್ಲಿ ಫ್ಯಾನ್ ಹೊರಮುಖವಾಗಿ ಇಟ್ಟರೆ ಆವಿ ಎಷ್ಟೋ ಕಡಿಮೆಯಾಗುತ್ತದೆ. ಸ್ಪ್ರೇ ಮಾಡುವ ಕಡೆ ಮಾತ್ರ ಮಾಮೂಲಿ ಫ್ಯಾನ್ ಬೇಡ, ಅದರ ಕಿಡಿಯೇ ಬೆಂಕಿಗೆ ದಾರಿ.

ಪ್ರಶ್ನೆ: ಚಿಂತಾಮಣಿಯಲ್ಲಿ ಫರ್ನಿಚರ್ ಕೆಲಸ. ಪಿಯು (ಪಾಲಿಯುರಿಥೇನ್) ಪಾಲಿಶ್ ಸ್ಪ್ರೇ ಮಾಡುತ್ತೇನೆ. ಕಾರ್ಟ್ರಿಡ್ಜ್ ಮಾಸ್ಕ್ ಇದೆ, ಸರಿಯಾಗಿಯೇ ಹಾಕುತ್ತೇನೆ. ಆದರೆ ಗಡ್ಡ ಬಿಟ್ಟಿದ್ದೇನೆ. ರಾತ್ರಿ ಎದೆ ಬಿಗಿದ ಹಾಗಾಗಿ ಕೆಮ್ಮು ಬರುತ್ತದೆ. ಗಡ್ಡದಿಂದ ಅಷ್ಟು ತೊಂದರೆಯಾ?
— ಮರಗೆಲಸದ ಯುವಕ, ಚಿಂತಾಮಣಿ

ಉತ್ತರ: ಗಡ್ಡದಿಂದ ತೊಂದರೆ ಇದೆ. ಎರಡು ದಿನದ ಕುರುಚಲು ಗಡ್ಡವೂ ರಬ್ಬರ್ ಅಂಚನ್ನು ಚರ್ಮಕ್ಕೆ ಕೂರಲು ಬಿಡುವುದಿಲ್ಲ. ಅಂಚು ಹಾಯುವ ಕಡೆಯೆಲ್ಲ ನುಣ್ಣಗಿರಬೇಕು. ಅಂಚಿನ ಒಳಗೇ ಉಳಿಯುವ ಮೀಸೆ ಇಟ್ಟುಕೊಳ್ಳಬಹುದು.

ಆದರೆ ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಗಡ್ಡ ಅಲ್ಲ, ಪಿಯು ಮತ್ತು ಆ ರಾತ್ರಿ ಕೆಮ್ಮು. ಪಿಯು ಪಾಲಿಶ್‌ಗೆ ಬೆರೆಸುವ ಹಾರ್ಡನರ್‌ನಲ್ಲಿ ಐಸೋಸೈನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವವರಿಗೆ ಅದರಿಂದ ಆಸ್ತಮಾ ಬರಬಹುದು. ಒಮ್ಮೆ ದೇಹಕ್ಕೆ ಅದು ಒಗ್ಗದ ಹಾಗಾಯಿತು ಅಂದರೆ ಆಮೇಲೆ ಒಂಚೂರು ಸೋಕಿದರೂ ಉಸಿರು ಕಟ್ಟುತ್ತದೆ. ಕೆಲಸ ಮುಗಿದು ಗಂಟೆಗಟ್ಟಲೆ ಆದಮೇಲೆ, ರಾತ್ರಿ ಹೊತ್ತು ಎದೆ ಬಿಗಿಯುವುದು ಅದರ ಲಕ್ಷಣ. ಇದಕ್ಕೆ ವಾಸನೆಯ ಎಚ್ಚರಿಕೆಯೂ ಇಲ್ಲ. ಮೂಗಿಗೆ ಗೊತ್ತಾಗುವ ಹೊತ್ತಿಗೆ ಅಪಾಯದ ಮಟ್ಟ ದಾಟಿರುತ್ತದೆ. ಹಾಗಾಗಿ ಕಾರ್ಟ್ರಿಡ್ಜ್ ಸೋತಿದೆಯಾ ಇಲ್ವಾ ಅಂತ ನಿಮಗೆ ತಿಳಿಯುವುದಿಲ್ಲ. ಈ ಕೆಲಸಕ್ಕೆ ಸರಿಯಾದದ್ದು ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಕೊಡುವ ಮಾಸ್ಕ್. ಸ್ಪ್ರೇ ಗನ್ನಿನ ಕಂಪ್ರೆಸರ್‌ನಿಂದಲೇ ಆ ಗಾಳಿ ತೆಗೆದುಕೊಳ್ಳಬೇಡಿ, ಅದರಲ್ಲಿ ಎಣ್ಣೆ ಹೊಗೆ ಬೆರೆತಿರಬಹುದು.

ಸದ್ಯಕ್ಕೆ ಪಿಯು ಸ್ಪ್ರೇ ನಿಲ್ಲಿಸಿ. ಗಿರಾಕಿ ಬಿಡುವುದಿಲ್ಲ ಅಂದರೆ ಆ ಭಾಗವನ್ನು ಸ್ಪ್ರೇಗೆಂದೇ ಮಾಡಿದ ಬೂತ್ ಇರುವ ಕಡೆ ಕೊಟ್ಟು ಮಾಡಿಸಿ. ಈ ವಾರವೇ ಶ್ವಾಸಕೋಶದ ವೈದ್ಯರ ಹತ್ತಿರ ಹೋಗಿ, ಹೋಗುವಾಗ ಹಾರ್ಡನರ್ ಡಬ್ಬಿಯ ಫೋಟೊ ತೋರಿಸಿ. ‘ಪೇಂಟ್ ಕೆಲಸ’ ಅಂತಷ್ಟೇ ಹೇಳಿದರೆ ಅವರಿಗೆ ಹೊಳೆಯದೇ ಇರಬಹುದು. ನೀವಿನ್ನೂ ಚಿಕ್ಕವರು, ಈಗ ನಿಲ್ಲಿಸಿದರೆ ಸುಧಾರಿಸುವ ಸಾಧ್ಯತೆ ಜಾಸ್ತಿ.

ಪ್ರಶ್ನೆ: ಕಾರ್ಟ್ರಿಡ್ಜ್ ತೊಳೆದು ಮತ್ತೆ ಬಳಸಬಹುದಾ? ಎಷ್ಟು ದಿನ ಬರುತ್ತೆ?
— ಶಿರಾ

ಉತ್ತರ: ತೊಳೆಯಬಾರದು. ಕಂಪ್ರೆಸರ್ ಗಾಳಿಯಲ್ಲಿ ಊದಲೂಬಾರದು. ರಬ್ಬರ್ ಮಾಸ್ಕನ್ನು ಮಾತ್ರ ಫಿಲ್ಟರ್ ಬಿಚ್ಚಿಟ್ಟು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಧೂಳಿನ ಫಿಲ್ಟರ್‌ನಲ್ಲಿ ಉಸಿರೆಳೆಯುವುದು ಬಿಗಿಯಾದರೆ ಬದಲಿಸಿ. ಕಾರ್ಟ್ರಿಡ್ಜ್‌ಗೆ ಇಂತಿಷ್ಟೇ ದಿನ ಅಂತಿಲ್ಲ, ಅದು ಎಷ್ಟು ಆವಿ ಕುಡಿದಿದೆ ಅನ್ನುವುದರ ಮೇಲೆ ಹೋಗುತ್ತದೆ. ವಾಸನೆ ಬರುವ ತನಕ ಕಾಯದೆ, ಕೆಲಸದ ಗಂಟೆ ಬರೆದಿಟ್ಟುಕೊಂಡು ಮೊದಲೇ ಬದಲಿಸುವುದು ಒಳ್ಳೆಯದು. ಮೊಳೆಗೆ ನೇತುಹಾಕಿದ ಕಾರ್ಟ್ರಿಡ್ಜ್ ರಾತ್ರಿಯೆಲ್ಲ ಅಂಗಡಿಯ ಆವಿ ಕುಡಿಯುತ್ತಲೇ ಇರುತ್ತದೆ. ಗಾಳಿಯಾಡದ ಜಿಪ್ ಕವರ್‌ನಲ್ಲಿ ಹಾಕಿಡಿ.

ಪ್ರಶ್ನೆ: ಕೆಜಿಎಫ್‌ನಲ್ಲಿ ನಮ್ಮದು ತಾತನ ಕಾಲದ ಮನೆ. ಮದುವೆಗೆ ಮುಂಚೆ ಬಾಗಿಲು, ಕಿಟಕಿ ಸರಳಿನ ಹಳೇ ಪೇಂಟ್ ಕೆರೆಸಬೇಕು. ನಾನೂ ತಮ್ಮನೂ ಉಪ್ಪು ಕಾಗದ ಹಿಡಿದು ಶುರು ಮಾಡೋಣ ಅಂತಿದ್ದೇವೆ. ಮನೆಯಲ್ಲಿ ಮೂರು ವರ್ಷದ ಮಗು ಇದೆ. ಧೂಳು ಕುಡಿದರೆ ಬೆಲ್ಲ ತಿನ್ನಿ, ಹೋಗುತ್ತೆ ಅಂತಾರೆ ಅಜ್ಜಿ. ನಿಜವಾ?
— ರಾಬರ್ಟ್‌ಸನ್‌ಪೇಟೆ

ಉತ್ತರ: ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಶ್ವಾಸಕೋಶಕ್ಕೆ. ಗಂಟಲಿಗೆ ಹಿತ ಅನಿಸಬಹುದು, ಅಷ್ಟೇ. ನಿಮ್ಮೂರಿನ ಗಣಿ ಕಾರ್ಮಿಕರಲ್ಲಿ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಇದ್ದದ್ದು 1940ರ ದಶಕದಲ್ಲೇ ದಾಖಲಾಗಿದೆ. ಕಲ್ಲಿನ ಧೂಳು ಶ್ವಾಸಕೋಶದ ಆಳಕ್ಕೆ ಇಳಿದು ಗಾಯದ ಕಲೆ ಕಟ್ಟಿತೆಂದರೆ ಅದನ್ನು ಯಾವ ತಿಂಡಿಯೂ ತೆಗೆಯುವುದಿಲ್ಲ.

ನಿಮ್ಮ ಮನೆಯಲ್ಲಿ ಚಿಂತೆ ಮಾಡಬೇಕಾದ್ದು ಸೀಸದ ಬಗ್ಗೆ. ನಮ್ಮ ದೇಶದಲ್ಲಿ ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ದಾಟಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕೂ ಹಳೆಯ ಎನಾಮೆಲ್‌ನಲ್ಲಿ, ಕಬ್ಬಿಣದ ಸರಳಿಗೆ ಹೊಡೆದ ಕೆಂಪು ಪ್ರೈಮರ್‌ನಲ್ಲಿ ಸೀಸ ಇದೆ ಅಂತಲೇ ತಿಳಿದುಕೊಳ್ಳಿ. ಸೀಸ ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ನೆಲದ ಮೇಲೆ ಕೈಯಿಟ್ಟು ಬಾಯಿಗಿಡುವ ವಯಸ್ಸು ಅದು, ಅಲ್ವಾ?

ಹಾಗಾಗಿ ಒಣ ಉಪ್ಪು ಕಾಗದ ಬೇಡ, ಗ್ರೈಂಡರ್ ಅಂತೂ ಬೇಡವೇ ಬೇಡ. ಬ್ಲೋ ಲ್ಯಾಂಪ್ ಹಿಡಿದು ಸುಡಬೇಡಿ, ಸೀಸ ಹೊಗೆಯಾಗಿ ಏಳುತ್ತದೆ. ನೀರು ಚಿಮುಕಿಸಿ ವಾಟರ್ ಪೇಪರ್‌ನಿಂದ ಉಜ್ಜಿ. ಬಾಗಿಲು ಬಿಚ್ಚಲು ಆದರೆ ಹೊರಗೆ ತಂದು, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ನಿಮಗಿಬ್ಬರಿಗೂ ಪಿ3 ಅನ್ನುವ ಧೂಳಿನ ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಇರಲಿ. ಮಗು, ಬಸುರಿಯರು ಇದ್ದರೆ ಅವರು, ಅಷ್ಟು ದಿನ ನೆಂಟರ ಮನೆಯಲ್ಲಿ. ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಬಿಸಾಡಿ. ಕೆಲಸದ ಅಂಗಿ ಬೇರೆ ಒಗೆಯಿರಿ. ಸ್ನಾನ ಮಾಡದೆ ಮಗುವನ್ನು ಎತ್ತಿಕೊಳ್ಳಬೇಡಿ. ಹಳೇ ಪೇಂಟ್ ಎಲ್ಲೂ ಎದ್ದಿಲ್ಲ, ಗಟ್ಟಿಯಾಗಿದೆ ಅಂದರೆ ಕೆರೆಯುವುದೇ ಬೇಡ. ಅದರ ಮೇಲೇ ಹೊಸ ಕೋಟ್ ಹೊಡೆಸುವುದು ಎಲ್ಲಕ್ಕಿಂತ ಕ್ಷೇಮ.

ಪ್ರಶ್ನೆ: ನೀರಿನ ಸಂಪ್ ಒಳಗೆ ಎಪಾಕ್ಸಿ ಬಳಿಯಬೇಕು. ಕಾರ್ಟ್ರಿಡ್ಜ್ ಮಾಸ್ಕ್ ಸಾಕಾ?
— ಗುತ್ತಿಗೆದಾರ, ಮಾಲೂರು

ಉತ್ತರ: ಸಾಲದು. ಕಾರ್ಟ್ರಿಡ್ಜ್ ಗಾಳಿಯನ್ನು ಸೋಸುತ್ತದೆ, ಇಲ್ಲದ ಆಮ್ಲಜನಕವನ್ನು ಕೊಡುವುದಿಲ್ಲ. ಮುಚ್ಚಿದ ಸಂಪ್‌ನಲ್ಲಿ ಆಮ್ಲಜನಕ ಕಡಿಮೆ ಇರಬಹುದು, ಎಪಾಕ್ಸಿಯ ಆವಿಯೂ ಅಲ್ಲೇ ತುಂಬಿಕೊಳ್ಳುತ್ತದೆ. ಆಮ್ಲಜನಕ ಅಳೆಯುವ ಮೀಟರ್ ಇಳಿಸಿ ನೋಡಿ. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆ ಇದ್ದರೆ ಯಾರನ್ನೂ ಇಳಿಸಬೇಡಿ. ಬ್ಲೋವರ್‌ನಿಂದ ತಾಜಾ ಗಾಳಿಯನ್ನು ತಳದವರೆಗೆ ಬಿಡುತ್ತಲೇ ಇರಬೇಕು. ಇಳಿದವರಿಗೆ ಗಾಳಿ ಪೂರೈಸುವ ಮಾಸ್ಕ್, ಸೊಂಟ-ಭುಜಕ್ಕೆ ಬೆಲ್ಟ್, ಹಗ್ಗ, ಮೇಲೆ ಒಬ್ಬರ ಕಾವಲು. ಇವಿಲ್ಲದಿದ್ದರೆ ಆ ಕೆಲಸ ಒಪ್ಪಿಕೊಳ್ಳಬೇಡಿ. ಒಳಗಿದ್ದವರು ಕುಸಿದರೆ ಎತ್ತಲೆಂದು ಇನ್ನೊಬ್ಬರು ಹಾಗೇ ಧುಮುಕಬಾರದು. ಹಗ್ಗದಿಂದ ಎಳೆಯಿರಿ, 112ಕ್ಕೆ ಕರೆ ಮಾಡಿ.